ದೊರೆಯ ಬಲಗಾಲು

ಮೇಲಿನ ಫೆಲ್ಸ್ ಮತ್ತು ಕೆಳಗಿನ ಫೆಲ್ಸ್ ಎಂಬ ಎರಡು ಸಂಸ್ಥಾನಗಳಲ್ಲಿ ಕೆಳಗಿನದು ಗುಡ್ಡದ ಮೇಲಿತ್ತು, ಮೇಲಿನದು ಹೊಳೆ ಪಕ್ಕದ ತಗ್ಗಿನಲ್ಲಿತ್ತು. ಇದನ್ನು ಯಾರಾದರೂ ಎತ್ತಿ ಆಡಿದರೆ ಎರಡೂ ಕಡೆಯ ದೊರೆಗಳಿಗೆ ಸಿಟ್ಟು ಬರುತ್ತಿತ್ತು. ಇಬ್ಬರೂ ಒಬ್ಬನೇ ಮುತ್ತಾತನ ಮರಿಮಕ್ಕಳು. ಜರ್ಮನ್ ಸೀಮೆಯ ನಕ್ಷೆಯಲ್ಲಿ ಎರಡು ಸಂಸ್ಥಾನಗಳನ್ನೂ ಒಂದು ಹೆಬ್ಬೆರಳಿನಲ್ಲಿ ಮುಚ್ಚಿಬಿಡಬಹುದಿತ್ತು. ಆದರೆ ಆ ಹೆಬ್ಬೆರಳಿನ ಅಡಿಯಲ್ಲಿ ಎರಡು ಅರಮನೆ, ಎರಡು ಸೈನ್ಯ ಮತ್ತು ಎರಡು ಲೋಕಕ್ಕಾಗುವಷ್ಟು ಗತ್ತು ಇದ್ದವು.

ಬ್ಯಾರನ್ ಹಾರ್ಟ್‌ವಿಗ್ ಮೇಲಿನ ಫೆಲ್ಸಿನವನು. ಹಿಂದಿನ ಯುದ್ಧದಲ್ಲಿ ಅವನು ಮೊಣಕಾಲಿನ ಕೆಳಗೆ ಬಲಗಾಲನ್ನೂ, ಅದೇ ದಿನ ಅದೇ ಗದ್ದೆಬಯಲಿನಲ್ಲಿ ಹಿರಿಯ ಮಗನನ್ನೂ ಕಳೆದುಕೊಂಡಿದ್ದ. ಆ ಯುದ್ಧ ಹುಟ್ಟಿದ್ದು ಒಬ್ಬ ಸೋದರತ್ತೆಯ ಶವಸಂಸ್ಕಾರದಲ್ಲಿ: ಮೇಲಿನ ಫೆಲ್ಸಿನ ದೊರೆಗೆ ಹಾಕಿದ ಕುರ್ಚಿಗೆ ಕೈಗಳಿದ್ದವು, ಕೆಳಗಿನ ಫೆಲ್ಸಿನ ದೊರೆಗೆ ಹಾಕಿದ್ದಕ್ಕೆ ಇರಲಿಲ್ಲ. ಯುದ್ಧ ಮುಗಿದಾಗ ಆದ ಒಪ್ಪಂದದಲ್ಲಿ ಇನ್ನು ಮುಂದೆ ಇಬ್ಬರೂ ಶವಸಂಸ್ಕಾರಗಳಲ್ಲಿ ನಿಂತೇ ಇರತಕ್ಕದ್ದು ಎಂದು ತೀರ್ಮಾನವಾಯಿತು. ಬ್ಯಾರನ್ ತನ್ನ ತೋಟದ ಸೇಬಿನ ಮರದ ಕೊಂಬೆಯಿಂದ ಒಂದು ಕಾಲು ಮಾಡಿಸಿಕೊಂಡ. ಹಿರಿಯ ಮಗನಿಗೆ ಬದಲು ಮಾಡಿಸಿಕೊಳ್ಳುವ ಹಾಗಿರಲಿಲ್ಲ. ಉಳಿದವನು ಕಿರಿಯ, ಯೋಸ್ಟ್. ಇಪ್ಪತ್ತರ ಹರೆಯದ ಅವನು ದೊರೆಯ ದಂಡಿನಲ್ಲಿ ಬಾವುಟ ಹಿಡಿಯುವ ಅಧಿಕಾರಿಯಾಗಿ ಸೇರಿ, ಮೀಸೆಗೆ ಮೇಣ ತಿಕ್ಕುತ್ತ, ಮುಂದಿನ ಯುದ್ಧ ಯಾವಾಗ ಬಂದೀತು ಎಂದು ಕಾಯುತ್ತಿದ್ದ.

ಹಾಗಾಗಿ ಮೇಲಿನ ಫೆಲ್ಸಿನ ದೊರೆ ಕಾಸಿಮಿರ್ ಕರೆಸಿ, ನನ್ನ ಮದುವೆಗೆ ನೀನು ಪ್ರತಿನಿಧಿಯಾಗಿ ಹೋಗು ಅಂದಾಗ ಬ್ಯಾರನ್ ಕೇಳಿದ್ದು ಒಂದೇ: ಯಾವ ಜಗಳವೂ ಇಲ್ಲದೆ ಮದುಮಗಳನ್ನು ತಂದು ಒಪ್ಪಿಸಿದರೆ ಯೋಸ್ಟ್‌ನನ್ನು ದಂಡಿನಿಂದ ಬಿಡಿಸಿ ಮನೆಗೆ ಕಳಿಸಬೇಕು. ದೊರೆ ಹೂಂ ಅಂದ. ಮಾತು ಕೊಡುವುದರಲ್ಲಿ ದೊರೆ ಬಹಳ ಧಾರಾಳಿ, ಅದಕ್ಕೆ ಖರ್ಚಿರಲಿಲ್ಲ.

ಮದುಮಗಳು ಓಟರ್‌ಸೇ ಸಂಸ್ಥಾನದ ವಾಲ್‌ಬುರ್ಗಾ. ಅವಳ ಜೊತೆಗೆ ಬರುವುದು ಒಂದು ಸೇತುವೆ. ದೊರೆಗೆ ಬೇಕಾಗಿದ್ದದ್ದು ಸೇತುವೆ. ಜೊತೆಗೆ ಹುಡುಗಿ ಬಂದರೆ ಅವನ ಆಕ್ಷೇಪಣೆಯೇನೂ ಇರಲಿಲ್ಲ. ಮೂರು ದಿನದ ದಾರಿ ಸವೆಸಿ ತಾನೇ ಹೋಗುವುದು ದೊರೆಯ ಘನತೆಗೆ ತಕ್ಕದ್ದಲ್ಲವಾದ್ದರಿಂದ ಅವನ ಪರವಾಗಿ ಇನ್ನೊಬ್ಬ ಹೋಗಿ ಉಂಗುರ ತೊಡಿಸಬೇಕು. ಆಮೇಲೆ ಸಾಕ್ಷಿಗಳ ಮುಂದೆ ಮದುಮಗಳು ಉಟ್ಟ ಬಟ್ಟೆಯಲ್ಲೇ ಮಂಚದ ಮೇಲೆ ಮಲಗುತ್ತಾಳೆ. ಪ್ರತಿನಿಧಿ ಮೊಣಕಾಲಿನವರೆಗೆ ಬರಿಗಾಲು ಮಾಡಿಕೊಂಡು, ಒಂದು ಪ್ರಾರ್ಥನೆ ಮುಗಿಯುವವರೆಗೆ ಆ ಕಾಲನ್ನು ಅವಳ ಹೊದಿಕೆಯ ಒಳಗೆ ಇಟ್ಟಿರುತ್ತಾನೆ. ಅಲ್ಲಿಗೆ ಮದುವೆ ಪೂರ್ತಿಯಾದಂತೆ. ಪ್ರತಿನಿಧಿಯಾಗುವವನ ಹಿಂದಿನ ನಾಲ್ಕು ತಲೆಮಾರಿನಲ್ಲಿ ತಂದೆಯ ಕಡೆಯಾಗಲಿ ತಾಯಿಯ ಕಡೆಯಾಗಲಿ ಒಬ್ಬ ವ್ಯಾಪಾರಿಯೂ ಇರಬಾರದು. ಮೇಲಿನ ಫೆಲ್ಸಿನಲ್ಲಿ ಅಂಥ ಹಿರಿಯರು ಇಬ್ಬರೇ ಇದ್ದರು. ಒಬ್ಬ ಹಾಸಿಗೆ ಹಿಡಿದಿದ್ದ. ಇನ್ನೊಬ್ಬನೇ ಬ್ಯಾರನ್ ಹಾರ್ಟ್‌ವಿಗ್.

ಅವನ ಕಾಲಿನ ವಿಚಾರ ಯಾರಿಗೂ ಹೊಳೆಯಲಿಲ್ಲ. ಅರಮನೆಯಲ್ಲಿ ಮನುಷ್ಯನ ವಂಶಾವಳಿ ನೋಡುವ ಪದ್ಧತಿಯಿತ್ತೇ ಹೊರತು ಮನುಷ್ಯನನ್ನು ನೋಡುವ ಪದ್ಧತಿ ಇರಲಿಲ್ಲ. ಹೊರಡುವ ಮುಂಚೆ ಬ್ಯಾರನ್ ತಾನೇ ಮಂತ್ರಿ ಡಾಕ್ಟರ್ ಮೊಲಿಟರನ ಬಳಿಗೆ ಹೋಗಿ, ತನ್ನ ಬಲಗಾಲು ಮರದ್ದು, ಎಡಗಾಲು ಇಟ್ಟರೆ ಆಗದೇ ಎಂದು ವಿಚಾರಿಸಿದ. ಕಾನೂನು ಓದಿ ಓದಿ ಕತ್ತು ಮುಂದಕ್ಕೆ ಬಾಗಿಹೋಗಿದ್ದ ಮೊಲಿಟರ್ ಹೌಹಾರಿದ. ತಮಗಿಂತ ಕೆಳಗಿನ ಮನೆಯ ಹೆಣ್ಣನ್ನು ಕಟ್ಟಿಕೊಳ್ಳುವಾಗ ದೊರೆಗಳು ಎಡಗೈ ಕೊಟ್ಟು ಮದುವೆಯಾಗುತ್ತಾರೆ, ಆ ಮಕ್ಕಳಿಗೆ ಪಟ್ಟವಿಲ್ಲ, ಆಸ್ತಿಯಿಲ್ಲ. ಎಡಗೈಗೆ ಇರುವ ದೋಷ ಎಡಗಾಲಿಗೆ ಇರುವುದಿಲ್ಲವೇ? ಹಾಗಾದರೆ ಹುಟ್ಟುವ ಮಗುವಿಗೆ ಸೇತುವೆ ಸಿಕ್ಕೀತೇ? ಬಲಗಾಲೇ ಆಗಬೇಕು. ಕಾಲುಚೀಲ ನಿಧಾನವಾಗಿ ಬಿಚ್ಚು, ಬೇಗ ಒಳಗಿಡು, ಯಾರೂ ನೋಡುವುದಿಲ್ಲ ಎಂದು ಮಂತ್ರಿ ಧೈರ್ಯ ಹೇಳಿ ಕಳಿಸಿದ.

ಯಾರೂ ನೋಡುವುದಿಲ್ಲ ಎಂದ ಕೋಣೆಯಲ್ಲಿ ಎಪ್ಪತ್ತು ಮಂದಿ ಇದ್ದರು. ಕೆಳಗಿನ ಫೆಲ್ಸಿನ ರಾಯಭಾರಿಗೆ ಮಂಚದ ಕಾಲ ಬುಡದಲ್ಲೇ ಜಾಗ ಕೊಟ್ಟಿದ್ದರು. ಹಿಂದೆ ನಿಲ್ಲಿಸಿದ್ದರೆ ಅದೇ ಒಂದು ಯುದ್ಧವಾಗುತ್ತಿತ್ತು. ಬ್ಯಾರನ್ ಮಂಚದ ಅಂಚಿನಲ್ಲಿ ಕುಳಿತು ಕಾಲುಚೀಲ ಇಳಿಸಿದ. ಸೇಬಿನ ಮರ ಮೇಣದಬತ್ತಿಗಳ ಬೆಳಕಿನಲ್ಲಿ ಹೊಳೆಯಿತು. ಪಾದ್ರಿ ಪ್ರಾರ್ಥನೆಯ ನಡುವೆ ಒಂದು ಸಾಲು ನುಂಗಿದ. ರಾಯಭಾರಿ ಮಾತ್ರ ಬಡ್ಡಿ ಸಮೇತ ಸಾಲ ವಸೂಲಾದವನ ಹಾಗೆ ಕಣ್ಣು ಮುಚ್ಚಿಕೊಂಡು ಭಕ್ತಿಯಿಂದ ಆಮೆನ್ ಅಂದ.

ಹೊದಿಕೆಯ ಒಳಗೆ ವಾಲ್‌ಬುರ್ಗಾಳ ಪಾದಕ್ಕೆ ಮರ ತಾಗಿತು. ಅವಳು ತಿರುಗಿ ನೋಡದೆ, ತುಟಿ ಅಲುಗಿಸದೆ ಕೇಳಿದಳು:

"ನಮ್ಮ ಯಜಮಾನ್ರು ಹ್ಯಾಗಿದ್ದಾರೆ?"

"ಈ ಕಾಲಿಗಿಂತ ಸ್ವಲ್ಪ ಮೆತ್ತಗಿದ್ದಾರೆ, ತಾಯಿ."

"ಬುದ್ಧಿ?"

"ಅದು ಸುಮಾರಾಗಿ ಇಷ್ಟೇ ಗಟ್ಟಿ."

ಮದುಮಗಳು ನಾಚಿ ಮುಖ ಮುಚ್ಚಿಕೊಂಡಳು ಎಂದು ಆಸ್ಥಾನದವರೆಲ್ಲ ಕೊಂಡಾಡಿದರು.

ಅವಳ ಸಾರೋಟು ಮೇಲಿನ ಫೆಲ್ಸ್ ತಲುಪುವ ಮೊದಲೇ ಕೆಳಗಿನ ಫೆಲ್ಸಿನ ತಕರಾರು ಬಂದು ತಲುಪಿತ್ತು. ಹಾಸಿಗೆಯೊಳಗೆ ಹೋದದ್ದು ಕಾಲಲ್ಲ, ಸೌದೆ. ಸೌದೆಯೊಂದಿಗೆ ಕ್ರೈಸ್ತ ಮದುವೆ ನಡೆಯುವುದಿಲ್ಲ. ಆದ್ದರಿಂದ ಸೇತುವೆ, ಓಟರ್‌ಸೇಯಿಂದ ಬಂದಿದ್ದ ತಮ್ಮ ದೊರೆಯ ಅಜ್ಜಿಯ ಕಡೆಯಿಂದ, ತಮಗೆ ಬರತಕ್ಕದ್ದು. ಡಾಕ್ಟರ್ ಮೊಲಿಟರನಿಗೆ ಜೀವನದಲ್ಲಿ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ. ವಾರಗಟ್ಟಲೆ ಕೂತು ಲ್ಯಾಟಿನ್ನಿನಲ್ಲಿ ಒಂದು ತೀರ್ಪು ಹೊಸೆದ. ಪ್ರತಿನಿಧಿಯ ಮೈ ಎಂದರೆ ದೊರೆಯ ಮೈ. ಆ ಮೈಗೆ ಅಂಟಿಕೊಂಡು, ಅದರ ಇಚ್ಛೆಯಂತೆ ನಡೆಯುವುದೆಲ್ಲ ಮೈಯೇ. ಹೊದಿಕೆಯೊಳಗೆ ಹೋದ ಕ್ಷಣದಿಂದ ಆ ಕಾಲು ಸಾಕ್ಷಾತ್ ದೊರೆ ಕಾಸಿಮಿರನ ಬಲಗಾಲು. ಮತ್ತು ಮದುವೆಯೆಂಬುದು ಅಳಿಸಲಾಗದ ಸಂಸ್ಕಾರವಾದ್ದರಿಂದ ಇನ್ನು ಎಂದೆಂದಿಗೂ ಅದು ದೊರೆಯದೇ. ತೀರ್ಪಿಗೆ ದೊರೆ ಮೊಹರು ಒತ್ತಿದ. ಬಿಷಪ್ ಕೂಡ ಒತ್ತಿದ, ಓದದೆ.

ಕೆಳಗಿನ ಫೆಲ್ಸಿನವರೂ ಮೂರ್ಖರಲ್ಲ, ಅಥವಾ ಅದೇ ಜಾತಿಯ ಮೂರ್ಖರು. ತೀರ್ಪನ್ನು ತಲೆಬಾಗಿ ಒಪ್ಪಿದ್ದೇವೆ ಎಂದು ಬರೆದರು. ದೊರೆ ಕಾಸಿಮಿರನ ಬಲಗಾಲು ಮರದ್ದೆಂದು ಅವನೇ ಮೊಹರು ಒತ್ತಿ ಸಾರಿರುವುದರಿಂದ, ಅಂಗಹೀನರು ಪಟ್ಟಕ್ಕೆ ಅರ್ಹರಲ್ಲವೆಂಬ ಮುತ್ತಾತನ ಕಟ್ಟಳೆಯಂತೆ ಅವನು ಪೀಠ ಬಿಟ್ಟು ಇಳಿಯತಕ್ಕದ್ದು. ದೊರೆ ಕಾಸಿಮಿರ್ ಪರದೇಶದ ರಾಯಭಾರಿಗಳನ್ನೆಲ್ಲ ಸೇರಿಸಿ, ಅವರ ಮುಂದೆ ಬೆವರು ಕಿತ್ತುಬರುವವರೆಗೆ ಕುಣಿದು ತೋರಿಸಿದ. ಕುಣಿತವನ್ನು ಎಲ್ಲರೂ ಹೊಗಳಿದರು. ಕಾಲಿನ ಬಗ್ಗೆ ತಮ್ಮ ಒಡೆಯರನ್ನು ಕೇಳಿ ಹೇಳುತ್ತೇವೆ ಅಂದರು. ಮರುದಿನ ಎರಡೂ ಕಡೆ ಯುದ್ಧದ ಡೋಲುಗಳು ಮೊಳಗಿದವು.

ಯೋಸ್ಟ್ ಕುದುರೆಗೆ ಹೊಸ ಜೀನು ಮಾಡಿಸಿಕೊಂಡ. ಅದನ್ನು ನೋಡಿದ ಬ್ಯಾರನ್ ಅರಮನೆಗೆ ಹೊರಟ.

ದೊರೆ ಮಂತ್ರಿಯ ಜೊತೆ ಬೆಳಗಿನ ಬಿಯರು ಕುಡಿಯುತ್ತಿದ್ದ. ದೊರೆ ಕೊಟ್ಟಿದ್ದ ಮಾತನ್ನು ಬ್ಯಾರನ್ ನೆನಪಿಸಿದ. ದೊರೆಗೆ ನೆನಪಿತ್ತು, ಆದರೆ ಜಗಳವಿಲ್ಲದೆ ತಂದರೆ ಎಂಬ ಷರತ್ತೂ ನೆನಪಿತ್ತು. ಯೋಸ್ಟ್ ನಾಡಿದ್ದು ಮೊದಲ ಸಾಲಿನಲ್ಲೇ ಹೊರಡುತ್ತಾನೆ, ಬಾವುಟ ಅವನ ಕೈಯಲ್ಲೇ ಇರುತ್ತದೆ, ಇದಕ್ಕಿಂತ ಗೌರವ ಬೇಕೇ ಎಂದ. ಬಾವುಟ ಹಿಡಿದವನಿಗೆ ಮೊದಲು ಗುಂಡು ಬೀಳುತ್ತದೆ ಎಂಬುದು ಬ್ಯಾರನ್‌ಗೆ ಗೊತ್ತಿತ್ತು. ಹಿರಿಯವನೂ ಬಾವುಟವನ್ನೇ ಹಿಡಿದಿದ್ದ.

"ಇಷ್ಟಕ್ಕೂ ಇದೆಲ್ಲ ಆಗಿದ್ದು ನಿನ್ನ ಕಾಲಿಂದ," ಅಂದ ದೊರೆ.

ಹಿರಿಯ ಮಗ ಸತ್ತಂದಿನಿಂದ ಕಾಣದೇ ಹೋಗಿದ್ದ ಒಂದು ಕಳೆ ಬ್ಯಾರನ್‌ನ ಮುಖದಲ್ಲಿ ಮೂಡಿತು.

"ನನ್ನ ಕಾಲಲ್ಲ, ಪ್ರಭು. ತಮ್ಮದು," ಅಂದ.

ಅಂದವನೇ ಕುರ್ಚಿಯ ಮೇಲೆ ಕೂತು, ತೊಗಲಿನ ಪಟ್ಟಿ ಬಿಚ್ಚಿ, ಕಾಲನ್ನು ತೆಗೆದು ಬಿಯರಿನ ಹೂಜಿಯ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟ.

"ಇಷ್ಟು ದಿನ ಇದನ್ನ ಹಾಕ್ಕೊಂಡು ಕೊಟ್ಟಿಗೇಲೆಲ್ಲ ಓಡಾಡ್ಬಿಟ್ಟೆ. ಮೊನ್ನೆ ಸಗಣಿ ತುಳಿದೆ. ದೊರೆಗಳ ಕಾಲಲ್ಲಿ ಸಗಣಿ ತುಳಿದೋರಿಗೆ ಏನು ಶಿಕ್ಷೆ, ಡಾಕ್ಟರೇ?"

ಡಾಕ್ಟರ್ ಮೊಲಿಟರ್ ತನ್ನ ಬಿಯರಿನ ಲೋಟವನ್ನು ಕಾಲಿನಿಂದ ದೂರಕ್ಕೆ ಸರಿಸಿದ.

"ಇದು ದೊರೆಗಳ ಕಾಲು ಹೌದೋ ಅಲ್ವೋ, ಅದನ್ನ ಹೇಳ್ಬಿಡಿ. ಅಲ್ಲ ಅಂದ್ರೆ ಹಾಕ್ಕೊಂಡು ಮನೆಗೆ ಹೋಗ್ತೀನಿ."

ಅಲ್ಲ ಅಂದರೆ ತೀರ್ಪು ಹೋಯಿತು, ತೀರ್ಪು ಹೋದರೆ ಮದುವೆ ಹೋಯಿತು, ಮದುವೆ ಹೋದರೆ ಸೇತುವೆ. ಮಂತ್ರಿ ಕಾಲನ್ನು ನೋಡಿದ, ದೊರೆಯನ್ನು ನೋಡಿದ, ಮತ್ತೆ ಕಾಲನ್ನು ನೋಡಿದ.

"ಹೌದು," ಅಂದ, ಹಲ್ಲುನೋವು ಬಂದವನ ದನಿಯಲ್ಲಿ.

ಹಾಗಿದ್ದ ಮೇಲೆ, ಎಂದು ಬ್ಯಾರನ್ ವಿನಯದಿಂದ ವಿವರಿಸಿದ, ಯುದ್ಧಕಾಲದಲ್ಲಿ ದೊರೆಯ ಮೈ ಕಾವಲಿಲ್ಲದೆ ಇರುವಂತಿಲ್ಲ. ಶತ್ರುಗಳು ಕಾಲನ್ನು ಕದ್ದೊಯ್ದರೆ ದೊರೆ ಸೆರೆಸಿಕ್ಕ ಎಂದೇ ಲೆಕ್ಕ. ದೊರೆಯ ಮೈಯನ್ನು ಕಾಯುವವನು ನಾಲ್ಕು ತಲೆಮಾರಿನಲ್ಲಿ ಕಳಂಕವಿಲ್ಲದ ಅಧಿಕಾರಿಯೇ ಆಗಿರಬೇಕೆಂದು ಮುತ್ತಾತನ ಕಟ್ಟಳೆಯಲ್ಲೇ ಇದೆ. ದಂಡಿನಲ್ಲಿ ಅಂಥವನು ಒಬ್ಬನೇ ಇದ್ದಾನೆ. ಬೇಕಿದ್ದರೆ ವಂಶಾವಳಿಗಳನ್ನು ತರಿಸಿ ನೋಡಬಹುದು.

ತರಿಸಿ ನೋಡಿದರು. ಒಬ್ಬನೇ ಇದ್ದ. ಬ್ಯಾರನ್ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಮನೆಗೆ ಹೋದ. ಹಿಂದೆ ದೊರೆಯ ಕಾಲು ಸಾರೋಟಿನಲ್ಲಿ, ವೆಲ್ವೆಟ್ಟಿನ ದಿಂಬಿನ ಮೇಲೆ ಬಂತು. ದಾರಿಯಲ್ಲಿ ಜನ ಟೋಪಿ ತೆಗೆದು ಅದಕ್ಕೆ ನಮಸ್ಕರಿಸಿದರು.

ಆಮೇಲೆ ಎರಡು ಬೇಸಿಗೆ ಯುದ್ಧ ನಡೆಯಿತು. ಬ್ಯಾರನ್‌ನ ನಡುಮನೆಯಲ್ಲಿ ಕಾಲು ದಿಂಬಿನ ಮೇಲೆ ಒರಗಿತ್ತು. ಯೋಸ್ಟ್ ಕತ್ತಿ ಹಿರಿದು ಅದರ ಪಕ್ಕ ನಿಂತಿದ್ದ. ಬ್ಯಾರನ್ ಊರುಗೋಲು ಬಗಲಿಗಿಟ್ಟುಕೊಂಡು ಕುಂಟುತ್ತ, ಮಗನಿಗೆ ತಾನೇ ಹುಳಿ ಎಲೆಕೋಸು ಬಡಿಸುತ್ತಿದ್ದ. ಹೊಸ ರಾಣಿ ವಾಲ್‌ಬುರ್ಗಾ ಆಗಾಗ ಬಂದು, ಗಂಡನನ್ನು ನೋಡಿಕೊಂಡು ಹೋಗಲು ಬಂದೆ ಎಂದು ಹೇಳಿ, ಕಾಲಿನ ಎದುರು ಕುರ್ಚಿ ಹಾಕಿಕೊಂಡು ಹೆಣಿಗೆ ಹೆಣೆಯುತ್ತ ಕೂರುತ್ತಿದ್ದಳು. ಅರಮನೆಯಲ್ಲಿರುವ ಉಳಿದ ಭಾಗಕ್ಕಿಂತ ಇದರ ಸಹವಾಸವೇ ವಾಸಿ, ಇದು ಉಣ್ಣುವಾಗ ಸದ್ದು ಮಾಡುವುದಿಲ್ಲ ಎನ್ನುತ್ತಿದ್ದಳು.

ಯೋಸ್ಟ್ ಮಾತ್ರ ಮಾತೇ ಬಿಟ್ಟಿದ್ದ. ಅವನ ಜೊತೆಯವರು ದಂಡಿನೊಡನೆ ಹೋಗುವಾಗ ಕಿಟಕಿಯ ಕೆಳಗೆ ನಿಂತು, ಕಾಲಿಗೆ ಗೆದ್ದಲು ಹತ್ತದ ಹಾಗೆ ನೋಡಿಕೋ ಎಂದು ಕೂಗಿ ನಕ್ಕು ಹೋಗಿದ್ದರು. ಒಂದು ದಿನ ಊಟದ ತಟ್ಟೆಯನ್ನು ತಳ್ಳಿ ಹೇಳಿದ:

"ನನ್ನ ಮಾನ ತೆಗೆದ್ಬಿಟ್ರಿ ಅಪ್ಪ."

"ತೆಗೆದೆ," ಅಂದ ಬ್ಯಾರನ್. "ಮಿಕ್ಕಿದ್ದೆಲ್ಲ ಇದೆಯಾ, ಒಂದ್ಸಲ ಮುಟ್ಟಿ ನೋಡ್ಕೋ."

ಎರಡನೆಯ ಶರತ್ಕಾಲದಲ್ಲಿ, ಎರಡೂ ದಂಡುಗಳು ಸೇತುವೆ ಎದುರಾಳಿಗೆ ಸಿಗದಿರಲೆಂದು ಎರಡು ದಡಗಳಿಂದಲೂ ಬೆಂಕಿ ಹಚ್ಚಿ ಅದನ್ನು ಸುಟ್ಟುಹಾಕಿದವು. ಆಮೇಲೆ ಒಪ್ಪಂದವಾಯಿತು. ಮದುವೆ ಸರಿಯಾದದ್ದೇ, ಕಾಸಿಮಿರ್ ದೊರೆಯೇ, ಇಲ್ಲದ ಸೇತುವೆ ಇಬ್ಬರಿಗೂ ಸಮಪಾಲು. ಇಬ್ಬರು ದೊರೆಗಳೂ ಕೈಗಳಿರುವ ಕುರ್ಚಿಗಳಲ್ಲಿ ಕೂತು ಸಹಿ ಹಾಕಿದರು. ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು ಎಂದೂ ಸುದ್ದಿಯಿತ್ತು. ಭಾನುವಾರ ಚರ್ಚಿನಲ್ಲಿ ಪಾದ್ರಿ ಸತ್ತವರ ಹೆಸರು ಓದಿದ. ಕಿಟಕಿಯ ಕೆಳಗೆ ನಿಂತು ನಕ್ಕವರ ಹೆಸರುಗಳೆಲ್ಲ ಹೆಚ್ಚುಕಡಿಮೆ ಅದರಲ್ಲಿದ್ದವು. ಓದಿ ಮುಗಿಸಲು ಪಾದ್ರಿಗೆ ಎರಡು ಸಲ ನೀರು ಬೇಕಾಯಿತು. ಯೋಸ್ಟ್ ತಲೆ ಎತ್ತಲಿಲ್ಲ.

ಅದೇ ವಾರ ಡಾಕ್ಟರ್ ಮೊಲಿಟರ್ ಆರು ಕುದುರೆಯ ಸಾರೋಟು ತಂದ. ಕಾಲನ್ನು ಅರಮನೆಯ ಪ್ರಾರ್ಥನಾಮಂದಿರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಲು ಅಪ್ಪಣೆಯಾಗಿತ್ತು. ಯುದ್ಧ ಮುಗಿದ ಮೇಲೆ ತನ್ನ ಕಾಲು ತನಗೆ ಸಿಗುವುದಿಲ್ಲವೇ ಎಂದು ಬ್ಯಾರನ್ ಕೇಳಿದ್ದಕ್ಕೆ, ಅದು ಒಪ್ಪಂದದಲ್ಲಿ ಬಂದುಬಿಟ್ಟಿದೆ, ಈಗ ಚಕ್ರವರ್ತಿಯೂ ಅದನ್ನು ಅಲ್ಲಾಡಿಸಲಾರ ಎಂದ ಮಂತ್ರಿ. ತೋಪುಗಳು ಹಾರಿದವು. ಯೋಸ್ಟ್ ಕತ್ತಿ ಎತ್ತಿ ಮರ್ಯಾದೆ ಸಲ್ಲಿಸಿದ; ಈ ಸಲ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಾರೋಟು ಮರೆಯಾದ ಮೇಲೆ ಕತ್ತಿಯನ್ನು ಮೂಲೆಗಿಟ್ಟು, ಹಿತ್ತಲಿನಿಂದ ಗರಗಸ ತಂದು, ಸೇಬಿನ ಮರಕ್ಕೆ ಏಣಿ ಹಾಕಿ ಹತ್ತಿದ.

ಬಡಗಿಗೆ ಹೇಳಿ ಕಳಿಸಿದ್ದರು. ಆ ತಿಂಗಳು ಅವನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಯಾವ ಮನೆಗೆ ಹೋದರೂ ಮರದ ಕಾಲಿನ ಕೆಲಸ. ಅವಸರದಲ್ಲಿ ಬಂದು, ಕೊಂಬೆಯ ದಪ್ಪ ನೋಡಿ, ದಾರದಿಂದ ಬ್ಯಾರನ್‌ನ ಮೊಣಕಾಲಿನ ಅಳತೆ ತೆಗೆದ.

"ಈ ಮನೆಗೆ ಎಷ್ಟು ಬೇಕು, ಸ್ವಾಮಿ?" ಎಂದು ಕೇಳಿದ, ಎಲ್ಲ ಮನೆಯಲ್ಲೂ ಕೇಳುವ ಹಾಗೆ.

ಬ್ಯಾರನ್ ಮೇಲೆ ನೋಡಿದ. ಏಣಿಯ ಮೆಟ್ಟಿಲ ಮೇಲೆ ಯೋಸ್ಟ್‌ನ ಬೂಟು ತೊಟ್ಟ ಎರಡು ಕಾಲುಗಳು ಒಂದರ ಪಕ್ಕ ಒಂದು ಇದ್ದವು. ಸುಳ್ಳಾಗಿಬಿಟ್ಟೀತು ಎಂಬಂತೆ ಅವನು ಇನ್ನೊಂದು ಸಲ ನೋಡಿದ.

"ಒಂದೇ ಸಾಕು," ಅಂದ.