ಹನ್ನೊಂದನೇ ಬೋರು

ಅಕ್ಕ ಕಲ್ಲು ಕೊಯ್ಯುತ್ತಿದ್ದಳು. ಉದ್ದುದ್ದಕ್ಕೆ, ಸೌತೆಕಾಯಿ ಸೀಳಿದ ಹಾಗೆ. ಗರಗಸದ ಮೇಲೆ ನೀರು ಬೀಳುತ್ತಲೇ ಇರಬೇಕು, ಇಲ್ಲದಿದ್ದರೆ ಅದು ಕಾದು ಹಾಳಾಗುತ್ತದೆ. ಆ ನೀರು ಕಲ್ಲಿನ ಹಿಟ್ಟಿನ ಜೊತೆ ಕೆಸರಾಗಿ ಮೊಣಕೈವರೆಗೂ ಇಳಿಯುತ್ತಿತ್ತು. ಕಂಪನಿ ಮೂರು ತಿಂಗಳಿಗೆ ಒಂದು ಜೊತೆ ಕೈಗವಸು ಕೊಡುತ್ತಿತ್ತು. ಮೂರು ವಾರ ಬಾಳಿದರೆ ಅದೇ ಹೆಚ್ಚು. ಆಮೇಲೆ ಬರಿಗೈ. ಊಟಕ್ಕೆ ಕೂತಾಗ ಬೆರಳಿನ ಬಿರುಕಿಗೆ ಉಪ್ಪು ತಾಗಿ ಅಕ್ಕ ಹಲ್ಲು ಕಚ್ಚುತ್ತಿದ್ದಳು.

ಗಣಿ ಕಂಪನಿ ಅಂತ ಬೋರ್ಡು ಹಾಕಿದ್ದರು. ಗಣಿ ಎಲ್ಲಿತ್ತು? ಒಂದು ತಗಡಿನ ಶೆಡ್ಡು, ನೆಲ ಕೊರೆಯುವ ಒಂದು ರಿಗ್ಗು, ಮೂವರು ಸಾಹೇಬರು. ನೆಲದಡಿ ಚಿನ್ನ ಇರಬಹುದು ಅಂತ ಜನರಿಗೆ ಷೇರು ಮಾರುವುದು, ಆ ದುಡ್ಡಲ್ಲಿ ಬೋರು ಕೊರೆಸುವುದು, ಕಂಪನಿಯ ಕೆಲಸ ಅಷ್ಟೇ. ಒಂದು ಟೀ ಬೆಲೆಗೆ ಒಂದು ಷೇರು ಸಿಗುತ್ತಿತ್ತು. ಬೋರಿನಿಂದ ಮಣಿಕಟ್ಟಿನ ದಪ್ಪದ ಕಲ್ಲಿನ ಕೋಲು ಮೇಲೆ ಬರುತ್ತಿತ್ತು. ಅದನ್ನು ಅಕ್ಕ ಎರಡು ಸೀಳು ಮಾಡುವಳು. ಒಂದು ಸೀಳು ಲ್ಯಾಬಿಗೆ, ಇನ್ನೊಂದು ಶೆಡ್ಡಿನ ಪೆಟ್ಟಿಗೆಗೆ. ಆ ಪೆಟ್ಟಿಗೆ ಹೊರುವವನು ನಾನು. ರಿಗ್ಗು ನಡೆಸುತ್ತಿದ್ದವನು ಭಾವ, ಅಕ್ಕನ ಗಂಡ.

ಏಳನೇ ಬೋರಿನ ಕಲ್ಲು ಕೊಯ್ಯುವಾಗ ಅಕ್ಕ ಗರಗಸ ನಿಲ್ಲಿಸಿ ಕೂಗಿದಳು. ಸಾಸಿವೆ ಕಾಳಿನಷ್ಟು ಹಳದಿ. ಶೆಡ್ಡಿಗೆ ಶೆಡ್ಡೇ ಬಂದು ಬಗ್ಗಿ ನೋಡಿತು. ಭಾವ ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಓಡಿ ಬಂದ.

"ನೋಡೇ, ಪಾತಾಳದಿಂದ ತಂದವನು ನಾನು, ಹೆಸರು ಮಾತ್ರ ನಿಂದು!"

"ನಿಂಗೇನ್ ಕಮ್ಮಿ? ಕಂಪನಿಯೋರು ನಿಂಗೊಂದು ಸಿಂಹಾಸನ ಮಾಡಿಸ್ತಾರೆ, ಸುಮ್ನಿರು" ಅಂದಳು ಅಕ್ಕ. ಅವಳು ಅಷ್ಟು ನಕ್ಕಿದ್ದನ್ನು ನಾನು ಆಮೇಲೆ ನೋಡಲಿಲ್ಲ.

ಆರು ದಿನಕ್ಕೆ ರಿಗ್ಗಿನ ಹಗ್ಗ ಹರಿಯಿತು. ಉಕ್ಕಿನ ಹಗ್ಗ, ಎಳೆ ಎಳೆ ಬಿಟ್ಟುಕೊಂಡಿತ್ತು. ಬೇರೆ ತರಿಸಿ ಅಂತ ಭಾವ ಎರಡು ಸಲ ಕೇಳಿದ್ದ. "ಈ ಬೋರೊಂದು ಮುಗೀಲಿ" ಅಂದಿದ್ದರು. ಮೇಲಿದ್ದ ಕಬ್ಬಿಣದ ಕೊಳವೆ ಅವನ ಮೇಲೆ ಬಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಭಾವ ಹೋಗಿಬಿಟ್ಟಿದ್ದ.

ದೊಡ್ಡ ಸಾಹೇಬ ಮನೆಗೆ ಬಂದ. "ಅಮ್ಮಾ, ಪರಿಹಾರ ಅರ್ಧ ದುಡ್ಡು, ಅರ್ಧ ಷೇರು. ನಿಮ್ಮ ಯಜಮಾನ್ರು ಕಂಡ ಚಿನ್ನದಲ್ಲಿ ನಿಮಗೂ ಪಾಲಿರಲಿ" ಅಂತ ಕಣ್ಣು ಒರೆಸಿಕೊಂಡ. ಕಣ್ಣೀರು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಜೇಬಿನಿಂದ ಕರವಸ್ತ್ರಕ್ಕಿಂತ ಮೊದಲು ಪೆನ್ನು ಹೊರಬಂದಿತ್ತು. ಅಕ್ಕ ಹೆಬ್ಬೆಟ್ಟು ಒತ್ತಿದಳು.

ಅಕ್ಕನಿಗೆ ಬೇಕಾಗಿದ್ದು ಒಂದೇ. ಅವಳಿದ್ದ ಎರಡು ಕೋಣೆಯ ಬಾಡಿಗೆ ಮನೆ. ಮಾಲೀಕ ಅದನ್ನು ಮಾರಲು ಹೊರಟಿದ್ದ. "ವರ್ಷದೊಳಗೆ ನೀವೇ ಕೊಂಡ್ಕೊಳ್ಳಿ, ಇಲ್ಲಾಂದ್ರೆ ಖಾಲಿ ಮಾಡಿ" ಅಂದಿದ್ದ. ಆ ಮನೆಯ ಅಡುಗೆಕಟ್ಟೆಯನ್ನು ಭಾವ ತಾನೇ ಸಿಮೆಂಟು ಕಲಸಿ ಕಟ್ಟಿದ್ದ, ಅಕ್ಕನ ಸೊಂಟದ ಎತ್ತರಕ್ಕೆ ಅಳತೆ ಹಿಡಿದು. ಕೈಯಲ್ಲಿದ್ದ ದುಡ್ಡಿಗೆ ಅರ್ಧ ಮನೆ ಬರುತ್ತಿತ್ತು. ಉಳಿದರ್ಧ ಷೇರಿನಿಂದ ಬರಬೇಕಿತ್ತು.

ಬಂದೂ ಬಂತು. ಸಾಸಿವೆ ಕಾಳಿನ ಸುದ್ದಿ ಪೇಪರಿನಲ್ಲಿ ಕುಂಬಳಕಾಯಿಯಾಯಿತು. ಟೀ ಬೆಲೆಯ ಷೇರು ಎರಡೇ ತಿಂಗಳಲ್ಲಿ ಒಂದು ಹೊತ್ತಿನ ಊಟದ ಬೆಲೆಗೆ ಏರಿತು. ಸುಳ್ಳೇಕೆ ಹೇಳಲಿ, ದುಡ್ಡು ಮಾಡಿದವರೂ ಇದ್ದರು. ನಮ್ಮ ಡ್ರೈವರು ಮಾರಿ ಫ್ರಿಜ್ ತಂದ. ಗೇಟಿನ ಕಾವಲುಗಾರ ಮಗಳ ಫೀಸು ಕಟ್ಟಿದ. ನನ್ನ ಹತ್ತಿರವೂ ಒಂದಿಷ್ಟು ಷೇರು ಇದ್ದವು.

"ಮಾರ್ಬಿಡಕ್ಕ, ಇವತ್ತೇ ಮಾರ್ಬಿಡು. ಮನೆ ನಿಂದಾಗತ್ತೆ."

"ನಿಮ್ ಭಾವ ತೆಗೆದ ಕಲ್ಲು ಕಣೋ ಅದು. ಮಾರಿದ್ರೆ ಅವರು ಕಂಡಿದ್ದು ಸುಳ್ಳು ಅಂತ ನಾನೇ ಹೇಳ್ದಂಗಾಗಲ್ವಾ?"

"ಎಂಟು, ಒಂಬತ್ತು, ಹತ್ತು, ಮೂರೂ ಬೋರಿನ ಕಲ್ಲು ನೀನೇ ಕೊಯ್ದೆಯಲ್ಲ. ಏನಾದ್ರೂ ಕಾಣ್ತಾ?"

ಅಕ್ಕ ಬೆರಳಿನ ಬಿರುಕಿಗೆ ಎಣ್ಣೆ ಹಚ್ಚತೊಡಗಿದಳು. ಏನೂ ಕಂಡಿರಲಿಲ್ಲ. ಬರೀ ಬೂದು ಕಲ್ಲು. ಅವಳು ಕಲ್ಲು ಪರೀಕ್ಷೆ ಮಾಡುವ ಸಾಹೇಬನನ್ನು ಕೇಳಿಯೂ ಇದ್ದಳು. "ಕಣ್ಣಿಗೆ ಕಾಣದ್ದು ಲ್ಯಾಬಲ್ಲಿ ಕಾಣತ್ತಮ್ಮ. ಕೊಯ್ಯೋದು ನಿಮ್ಮ ಕೆಲಸ, ಓದೋದು ನಮ್ಮ ಕೆಲಸ" ಅಂದಿದ್ದ. ಅದೇ ವಾರ ಪೇಪರಿನಲ್ಲಿ ಬಂತು: 'ಹೊಸ ಬೋರುಗಳೂ ಆಶಾದಾಯಕ.'

ಕೊಯ್ದವಳು ಅಕ್ಕ, ಹೊತ್ತವನು ನಾನು. ಆ ಕಲ್ಲು ಖಾಲಿ ಅಂತ ಲೋಕದಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ನಮಗೆ. ಆದರೂ ಶೆಡ್ಡಿನ ಹೆಂಗಸರೆಲ್ಲ ಸಂಬಳ ಹಾಕಿ ಷೇರು ಕೊಂಡರು. ಓದಿದವರು ಬರೆದಿದ್ದಾರೆ ಅಂದಮೇಲೆ ನಮ್ಮ ಕಣ್ಣಿನದೇ ತಪ್ಪಿರಬೇಕು ಅಂದುಕೊಂಡರು. ತಲೆ ತಗ್ಗಿಸಿ ನಿಂತು ನಿಂತು ನಮಗೆ ಬಂದ ಬುದ್ಧಿ ಅದು. ನೆನೆದರೆ ಮೈ ಉರಿಯುತ್ತದೆ.

ನಾನು ಮಾತ್ರ ಆ ಕಲ್ಲು ಹೊತ್ತ ನನ್ನ ಬೆನ್ನಿನ ಮಾತು ನಂಬಿದೆ. ಒಂದು ಸೋಮವಾರ ಬೆಳಿಗ್ಗೆ ಶೆಡ್ಡಿನ ಹಿಂದೆ ನಲ್ಲಿಯ ಹತ್ತಿರ ನಿಂತು, ಫೋನಿನಲ್ಲಿ ಅಷ್ಟನ್ನೂ ಮಾರಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಯಾರೋ ಕೊಂಡುಬಿಟ್ಟರು. ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಭಾವನನ್ನೇ ಮಾರಿದೆ ಅಂತಾಳೆ ಅನ್ನಿಸಿತು. ಮಾರುವ ಮೊದಲೇ ಹೇಳಿದ್ದರೆ ಅವಳಾದರೂ ಕೈ ತಡೆದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಅಕ್ಕ ಕೈ ಒರೆಸಿಕೊಂಡು ಬಂದಳು. ಮುಖ ಅರಳಿತ್ತು.

"ಲೋ, ಬೆಳಿಗ್ಗೆ ಒಂದು ಕೆಲಸ ಮಾಡ್ದೆ. ಆ ಪರಿಹಾರದ ದುಡ್ಡಿತ್ತಲ್ಲ, ಅದಕ್ಕೂ ಷೇರೇ ತಗೊಂಡೆ. ನಮ್ಮ ಗೇಟ್ನೋರ ಮಗಳು ಫೋನಲ್ಲಿ ಮಾಡಿಕೊಟ್ಲು."

"ಯಾಕಕ್ಕಾ? ಮನೆ ದುಡ್ಡಲ್ವಾ ಅದು?"

"ಹನ್ನೊಂದನೇ ಬೋರಿಗೆ ನಿಮ್ ಭಾವನ ಹೆಸರಿಡ್ತಾರಂತೆ ಕಣೋ. ದೊಡ್ಡ ಸಾಹೇಬ್ರೇ ಬಂದು ಹೇಳಿದ್ರು. ಹೆಸರಿಟ್ಟ ಬೋರಿಗೆ ಮನೆಯೋರೇ ದುಡ್ಡು ಹಾಕ್ದಿದ್ರೆ ಹೆಂಗೆ?"

ನಾನು ಮಾರಿದ್ದನ್ನು ಕೊಂಡವರು ಯಾರು ಅಂತ ಫೋನು ಹೇಳುವುದಿಲ್ಲ. ಅಕ್ಕನೇ ಇರಬಹುದು, ಅಕ್ಕನಂಥ ಇನ್ನೊಬ್ಬಳಿರಬಹುದು. ಅವತ್ತು ನಾನು ತಲೆಯಾಡಿಸಿ ಪೆಟ್ಟಿಗೆ ಎತ್ತಿಕೊಂಡು ಹೋದೆ.

ಹನ್ನೊಂದನೇ ಬೋರಿಗೆ ಭಾವನ ಹೆಸರಿನ ಹಲಗೆ ನೆಟ್ಟು ಫೋಟೋ ತೆಗೆದರು. ಕಲ್ಲು ಮೇಲೆ ಬಂತು. ಅಕ್ಕ ಎರಡು ವಾರ ಕೊಯ್ದಳು. ಪ್ರತಿ ಸೀಳನ್ನೂ ನೀರಿಗೆ ಹಿಡಿದು, ಬಿಸಿಲಿಗೆ ಹಿಡಿದು ನೋಡಿದಳು. ಕೊನೆಯ ತುಂಡು ಇಟ್ಟ ಮೇಲೆ ಪೆಟ್ಟಿಗೆಯ ಪಕ್ಕದಲ್ಲೇ ಕುಸಿದು ಕೂತಳು.

"ಏನೂ ಇಲ್ಲ ಕಣೋ" ಅಂದಳು.

ತಿಂಗಳೊಪ್ಪತ್ತಿನಲ್ಲಿ ಲ್ಯಾಬಿನ ಲೆಕ್ಕ ಪೇಪರಿಗೆ ಬಂತು. ಎಂಟರಿಂದ ಹನ್ನೊಂದರವರೆಗೆ ನಾಲ್ಕೂ ಬೋರು ಖಾಲಿ. ಷೇರು ಟೀಗೆ ಹಾಕುವ ಸಕ್ಕರೆಯ ಬೆಲೆಗೂ ಬಾಳಲಿಲ್ಲ. ದೊಡ್ಡ ಸಾಹೇಬ ತನ್ನ ಪಾಲಿನ ಷೇರುಗಳನ್ನು ಏರಿದ್ದ ಬೆಲೆಗೇ ಮಾರಿ ಕೂತಿದ್ದ. ಎಲ್ಲ ಕಾನೂನು ಪ್ರಕಾರವೇ ಅಂತ ಅವನ ವಕೀಲ ಹೇಳಿದ. ಶೆಡ್ಡಿಗೆ ಬೀಗ ಬಿತ್ತು. ಮನೆಯನ್ನು ಮಾಲೀಕ ಬೇರೆಯವರಿಗೆ ಮಾರಿದ. ಕೊಂಡವರು ಅಡುಗೆಕಟ್ಟೆ ಒಡೆಸಿದರು. ಅಕ್ಕ ನನ್ನ ಮನೆಗೆ ಬಂದಳು, ಷೇರು ಮಾರಿದ ದುಡ್ಡಲ್ಲಿ ನಾನು ಕಟ್ಟಿಸಿದ ಕೋಣೆಗೆ. "ಪಾಪ, ಓವರ್‌ಟೈಮ್ ಮಾಡಿ ಕಟ್ಟಿಸಿದೀಯ" ಅಂದಳು. ನಾನು ಹೂಂ ಅಂದೆ.

ಆಮೇಲೊಂದು ಕಾಗದ ಬಂತು. ಷೇರುದಾರರ ಸಭೆ. ಕಂಪನಿಯ ಹೆಸರು ಬದಲಾಯಿಸಿ, ಬೇರೆ ಕಡೆ ಬ್ಯಾಟರಿಗೆ ಬೇಕಾದ ಲೋಹ ಹುಡುಕುತ್ತಾರಂತೆ. ಅದೇ ಸಾಹೇಬರು, ಹೊಸ ಷೇರು.

"ನಾನೂ ಷೇರುದಾರಳು ತಾನೆ? ಹೋಗೋಣ ನಡಿ" ಅಂದಳು ಅಕ್ಕ.

ದೊಡ್ಡ ಹೋಟೆಲಿನ ಸಭಾಂಗಣ. ಷೇರಿಲ್ಲದ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. "ನಿನ್ನ ಷೇರು ಏನಾಯ್ತೋ?" ಅಂತ ಅಕ್ಕ ಕೇಳಲಿಲ್ಲ, ಒಳಗೆ ಹೋದಳು. ಪ್ರಶ್ನೆ ಇದ್ದರೆ ಕೇಳಿ ಅಂದಾಗ ಎದ್ದು ನಿಂತಳು.

"ನಾನು ಕಲ್ಲು ಕೊಯ್ಯೋಳು. ಎಂಟು, ಒಂಬತ್ತು, ಹತ್ತು, ಹನ್ನೊಂದು, ನಾಲ್ಕೂ ಖಾಲಿ ಅಂತ ಕೊಯ್ದ ದಿನವೇ ನನ್ನ ಕೈಗೆ ಗೊತ್ತಾಗಿತ್ತು. ನನ್ನ ಕೈನ ನಾನು ನಂಬಲಿಲ್ಲ, ನಿಮ್ಮನ್ನ ನಂಬ್ದೆ. ನಿಮಗೆ ಯಾವತ್ತು ಗೊತ್ತಾಯ್ತು? ತಾರೀಕು ಹೇಳಿ."

"ಲಿಖಿತವಾಗಿ ಕೊಡಿ, ಉತ್ತರಿಸ್ತೀವಿ" ಅಂದ ದೊಡ್ಡ ಸಾಹೇಬ, ವೇದಿಕೆಯಿಂದಲೇ.

"ನಂಗೆ ಬರೆಯಕ್ಕೆ ಬರಲ್ಲ. ತಾರೀಕು ಹೇಳಿ."

ಅವಳ ಕೈಯ ಮೈಕು ಬಂದ್ ಆಯಿತು. ಅಕ್ಕ ಕೂರಲಿಲ್ಲ. ಮೂರನೇ ಸಾಲಿನಿಂದ ಒಬ್ಬ ನರ್ಸಮ್ಮ ಎದ್ದಳು. "ಹೌದು, ತಾರೀಕು ಹೇಳಿ." ಒಬ್ಬ ನಿವೃತ್ತ ಮೇಷ್ಟ್ರು ಕೋಲೂರಿಕೊಂಡು ಎದ್ದರು. ಹಿಂದಿನಿಂದ ಇನ್ನೂ ನಾಲ್ಕೈದು ಜನ. ದೊಡ್ಡ ಸಾಹೇಬ ನೀರು ಕುಡಿದು ನಕ್ಕ. "ಇಂಥದಕ್ಕೆಲ್ಲ ತಾರೀಕು ಯಾರು ನೆನಪಿಟ್ಕೋತಾರಮ್ಮಾ?"

ನನಗೆ ತಡೆಯಲಾಗಲಿಲ್ಲ. ಕಾವಲಿನವನ ಕೈ ತಳ್ಳಿ ಬಾಗಿಲಿನಿಂದಲೇ ಕೂಗಿದೆ.

"ನಾನು ನೆನಪಿಟ್ಕೊಂಡಿದೀನಿ! ಹನ್ನೊಂದನೇ ಬೋರು ಶುರುವಾಗೋಕೆ ಮುಂಚಿನ ಸೋಮವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ಖಾಲಿ ಅಂತ ಗೊತ್ತಿದ್ದೇ ನನ್ನ ಷೇರೆಲ್ಲ ಮಾರ್ದೆ. ನಮ್ಮಕ್ಕ ಅವತ್ತೇ ಕೊಂಡ್ಲು. ಅವಳಿಗೂ ಹೇಳ್ಲಿಲ್ಲ."

ಅಕ್ಕ ತಿರುಗಿ ನನ್ನನ್ನು ನೋಡಿದಳು. ಭಾವನ ಹೆಣ ಮನೆಗೆ ತಂದ ದಿನವೂ ಅವಳು ಹಾಗೆ ನೋಡಿರಲಿಲ್ಲ. ಆಮೇಲೆ ನಿಧಾನವಾಗಿ ವೇದಿಕೆಯ ಕಡೆ ಮುಖ ತಿರುಗಿಸಿದಳು. ಅವಳ ದನಿ ಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು.

"ನನ್ನ ತಮ್ಮ ಹೇಳ್ದ. ಈಗ ನೀವು ಹೇಳಿ."