ತಿಕ್ಕದೆ ಉಳಿದ ಬಾಗಿಲು

ಒಣಗಲೆಂದು ಮುಚ್ಚಿದ್ದ ಗೋಣಿತಾಟು ತೆಗೆದು ಇಮಾಮಬೀ ಹಿಂದೆ ಸರಿದು ನೋಡಿದಳು. ಮೋಟಾರಿನ ಬಾಗಿಲ ನಡುವೆ ಅವಳು ಬಳಿದ ಅಂಗೈಯಗಲದ ಬಣ್ಣ, ಹಳೆ ಸೀರೆಗೆ ಹಾಕಿದ ಹೊಸ ತೇಪೆಯಂತೆ ಎದ್ದು ಕಾಣುತ್ತಿತ್ತು.

ಪುಡಿ ಅದೇ, ಎಣ್ಣೆ ಅದೇ, ಅಳತೆಯೂ ಗಂಡ ಮಕ್ಬುಲಸಾಬ ಕಲಿಸಿದ್ದೇ. ಕುಷ್ಟಗಿ ಸಾಹುಕಾರರ ಈ ಗಾಡಿಗೆ ಪೂರ್ತಿ ಬಣ್ಣ ಬಳಿದವನು ಅವನು. ಅದೇ ಅವನ ಕಡೆಯ ಕೆಲಸ. ಅವನು ಸತ್ತ ಮೇಲೂ ಗಾಡಿ ಬಿಸಿಲಲ್ಲಿ ಓಡಿ ಮಾಸಿದ್ದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವನು ಬಳಿದ ದಿನದ ಕೆಂಪು ಅವಳ ಕಣ್ಣಲ್ಲಿತ್ತು. ಅದನ್ನೇ ಕಲಸಿದ್ದಳು.

ಸಂತೆಯಲ್ಲಿ ಚಕ್ಕಡಿಯ ನೊಗ ತಾಗಿ ಬಾಗಿಲು ಗೀರಿತ್ತು. ಹೊಸಪೇಟೆಯಿಂದ ಬಣ್ಣದವನನ್ನು ಕರೆಸಲು ಹೊರಟಿದ್ದ ಸಾಹುಕಾರರಿಗೆ ಹೇಳಿ, ಕೆಲಸ ಇವಳಿಗೆ ಕೊಡಿಸಿದವನು ಡ್ರೈವರ್ ಕರಿಬಸಪ್ಪ. ಇದು ಸಾಹುಕಾರರ ಮನಸ್ಸಿಗೆ ಬಂದರೆ ಅವರ ಟಾಂಗಾ, ಬಸ್ಸು ಎಲ್ಲ ಇವಳ ಬಣ್ಣದ ಕೊಟ್ಟಿಗೆಗೇ ಬರುವವು. ಇಲ್ಲದಿದ್ದರೆ ಕೊಟ್ಟಿಗೆ ಬಿಟ್ಟು ನವಲಿ ಊರಿನ ಅಣ್ಣನ ಮನೆ ಸೇರಬೇಕು. ಅತ್ತಿಗೆ ಅಡಿಗೆಮನೆಯ ಮಗ್ಗುಲಲ್ಲಿ ಚಾಪೆ ಹಾಸುವಷ್ಟು ಜಾಗ ಮಾಡಿಟ್ಟಿದ್ದಾಳೆಂದು ಆಗಲೇ ಸುದ್ದಿ ಬಂದಿತ್ತು.

ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದ ಕರಿಬಸಪ್ಪ ನಕ್ಕುಬಿಟ್ಟ.

"ಬೀಬೀ, ಎಮ್ಮಿ ಹಣಿಗೆ ಕುಂಕುಮ ಹಚ್ಚಿದಂಗ ಆಗೈತಲ್ರಿ. ಒಂಚೂರು ಸುಣ್ಣದ ಪುಡಿ ಒರಸಿ ಮಬ್ಬ ಮಾಡ್ರಿ. ಸಾವ್ಕಾರ್ರ ಕಣ್ಣೇನ ಅಷ್ಟ ಚುರುಕಿಲ್ಲ."

"ಒಂದ ಸಲ ನೀರ ಹೊಡದ್ರ ಹೊರಗ ಬೀಳತೈತ್ರಿ ಅಣ್ಣಾರ. ಹೊಸಾದನ್ನ ಹಳೇದ ಮಾಡಾಕ ಬರಂಗಿಲ್ಲ. ಹಳೇದನ್ನ ತಿಕ್ಕಬೇಕ."

"ಮತ್ತ ತಿಕ್ಕ್ರಿ. ಅದಕ್ಯಾಕ ತಡಾ?"

ಅವಳು ಬಾಗಿಲ ಹತ್ತಿರ ಬಾಗಿದಳು. ಮಕ್ಬುಲಸಾಬ ಬಳಿದ ಮೇಲೆ ಕುಂಚದ ಗೆರೆ ಮಾಯವಾಗುವಂತೆ ತಿಕ್ಕಿ ಹೊಳಪು ಕೊಡುವುದು ಯಾವಾಗಲೂ ಅವಳ ಪಾಲಿನ ಕೆಲಸ. ಈ ಗಾಡಿಗೆ ಮಾತ್ರ ಅದು ಆಗಿರಲಿಲ್ಲ. ಬಳಿದ ಸಂಜೆಯೇ ಅವನು ಜ್ವರ ಬಂದು ಮಲಗಿದ್ದ. ಹಾಗಾಗಿ ಹತ್ತಿರ ಬಾಗಿದರೆ ಅವನ ಗೆರೆಗಳು ಇನ್ನೂ ಕಾಣುತ್ತಿದ್ದವು. ನೆಟ್ಟಗೆ ಬಂದು ಕೊನೆಯಲ್ಲಿ ಕೂದಲೆಳೆಯಷ್ಟು ಮೇಲೇಳುವ ಗೆರೆಗಳು. ಅವನ ಮಣಿಕಟ್ಟು ಒಮ್ಮೆ ಮುರಿದು ಕೂಡಿದ್ದು. ಬೇರೆ ಯಾವ ಗಾಡಿಯಲ್ಲೂ ಅವನ್ನು ಅವಳು ಉಳಿಸಿರಲಿಲ್ಲ.

ಕರಿಬಸಪ್ಪ ಹೋದ ಮೇಲೆ ಬೂದಿಯನ್ನು ವಸ್ತ್ರದಲ್ಲಿ ಸೋಸಿದಳು. ಅಗಸಿ ಎಣ್ಣೆ ಹನಿಸಿ, ಮೆತ್ತನೆಯ ಅರಿವೆಯಿಂದ ಮೊದಲು ಹೊಸ ಬಣ್ಣದ ಅಂಚನ್ನು ತೆಳುವಾಗಿಸಿದಳು. ಆಮೇಲೆ ಹಳೆಯದಕ್ಕೆ ಕೈ ಹಚ್ಚಿದಳು. ಹಿಂದೆ ಇಂಥ ಹೊತ್ತಿನಲ್ಲಿ ಗಾಡಿಯ ಆಚೆ ಬದಿಯಿಂದ ಅವನು ಏನಾದರೊಂದು ಮಾತು ತೆಗೆಯುತ್ತಿದ್ದ. ಈಗ ಅರಿವೆಯ ಸದ್ದಷ್ಟೇ ಇತ್ತು. ಮಾಸಿದ ಪದರ ಅರಿವೆಗೆ ಇಳಿದು, ಅಡಿಯಿಂದ ಕಡುಗೆಂಪು ಮೇಲೆದ್ದಿತು. ಹಿಡಿಕೆಯ ಬಳಿಯ ಗೆರೆಗಳಿಗೆ ಬಂದಾಗ ಕೈ ನಿಂತಿತು. ಅವುಗಳ ಮೇಲೆ ಬೆರಳಾಡಿಸಿದಳು. ಮತ್ತೆ ಎಣ್ಣೆ ಹನಿಸಿಕೊಂಡು ಅವನ್ನೂ ತಿಕ್ಕಿದಳು.

ಬಾಗಿಲು ಮುಗಿದ ಮೇಲೆ ಉಳಿದ ಮೈಯನ್ನೂ ಬಿಡುವಂತಿರಲಿಲ್ಲ. ಇಡೀ ಗಾಡಿ ತಿಕ್ಕಿದಳು.

ಕರಿಬಸಪ್ಪ ಗಾಡಿಯನ್ನು ಬಿಸಿಲಿಗೆ ತಂದು ನಿಲ್ಲಿಸಿ, ಕಣ್ಣು ಕಿರಿದು ಮಾಡಿ ಬಾಗಿಲ ತುಂಬ ಅಂಗೈ ಆಡಿಸಿದ. ನಡುವಿನ ತೇಪೆ ಕೈಗೆ ಸಿಗದೆ ದಾಟಿ, ಗೆರೆಗಳಿದ್ದ ಹಿಡಿಕೆಯ ಹತ್ತಿರ ನಿಲ್ಲಿಸಿದ.

"ಗೀರಿದ್ದು ಇಲ್ಲೇ ಅಲ್ರೀ ಬೀಬೀ?"

"ಹೂಂನ್ರಿ, ಅಲ್ಲೇ," ಎಂದಳು ಇಮಾಮಬೀ.

ಸಾಹುಕಾರರು ಒಪ್ಪೇ ಒಪ್ಪುತ್ತಾರೆ, ವಾರದೊಳಗೆ ಟಾಂಗಾ ಕಳಿಸುವೆನೆಂದು ಹೇಳಿ ಅವನು ಹೊರಟ. ಗಾಡಿ ಕೊಪ್ಪಳದ ದಾರಿ ಹಿಡಿಯಿತು. ತಿರುವು ಮುಟ್ಟುವಷ್ಟರಲ್ಲಿ ಎದ್ದ ಧೂಳು ಅದರ ಮೇಲೇ ಇಳಿದು, ದಾರಿಗೂ ಗಾಡಿಗೂ ಒಂದೇ ಬಣ್ಣವಾಗಿತ್ತು.