ಜಗುಲಿಯ ಮೇಲಿನ ಸಾಹೇಬ

ನಾರಾಯಣಖೇಡ್ ಹತ್ತಿರದ ಒಂದು ಊರಿನಲ್ಲಿ ಸುಂದರಬಾಯಿಯ ಮನೆ. ಆ ಮನೆಯ ದೇವರ ಜಗುಲಿಯ ಮೇಲೆ ಶಿವನಿದ್ದ, ಬಸವಣ್ಣನಿದ್ದ, ಅವರ ಪಕ್ಕದಲ್ಲಿ ಟೈ ಕಟ್ಟಿಕೊಂಡ ಒಬ್ಬ ಪರದೇಶದ ಅಧಿಕಾರಿಯೂ ಇದ್ದ. ನಗಬೇಡಿ. ಫೋಟೋದಲ್ಲಿ ಆ ಅಧಿಕಾರಿ ಸುಂದರಬಾಯಿಯ ಮಗ ಉಮಾಕಾಂತನ ಕೈಗೆ ವಿಮಾನದ ಟಿಕೆಟ್ ಕೊಡುತ್ತಿದ್ದ. ಮಗನನ್ನು ಮನೆ ಮುಟ್ಟಿಸಿದ ಪುಣ್ಯಾತ್ಮ ಇವನೇ ಎಂದು ಆಕೆ ಆ ಫೋಟೋಕ್ಕೆ ಜಹೀರಾಬಾದಿನಲ್ಲಿ ಕಟ್ಟು ಹಾಕಿಸಿ ತಂದಿದ್ದಳು. ದಿನಾ ಬೆಳಿಗ್ಗೆ ಶಿವನಿಗೆ ವಿಭೂತಿ ಹಚ್ಚಿದ ಬೆರಳಿನಿಂದಲೇ ಸಾಹೇಬನ ಹಣೆಗೂ ಒಂದು ಗೆರೆ ಎಳೆಯುತ್ತಿದ್ದಳು. ಟೈ ಕಟ್ಟಿದ ಶರಣ ಎಂದು ಓಣಿಯವರು ಕಾಡಿಸಿದರೂ ಆಕೆ ತಲೆ ಕೆಡಿಸಿಕೊಂಡವಳಲ್ಲ.

ಉಮಾಕಾಂತ ಸಮುದ್ರದಾಚೆಯ ದೇಶಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅಲ್ಲಿ ಕಂಪನಿಯವರು ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರು. ತಗಡಿನ ಶೆಡ್ಡಿನಲ್ಲಿ ಜ್ವರದಿಂದ ಮಲಗಿದರೂ ಊರಿಗೆ ಬಿಡಲಿಲ್ಲ. ಇಲ್ಲಿ ತಾಯಿ ಫೋನಿಗಾಗಿ ಕಾದು ಕಾದು, ಝರಾಸಂಗಂ ದೇವರಿಗೆ ಹರಕೆ ಹೊತ್ತಳು. ಮಗ ಬಂದ, ಹರಕೆ ತೀರಿತು, ಫೋಟೋ ಜಗುಲಿ ಏರಿತು. ಉಮಾಕಾಂತ ಮಾತ್ರ ಕೈಮುಗಿಯುವಾಗ ಆ ಫೋಟೋದ ಕಡೆ ನೋಡುತ್ತಿರಲಿಲ್ಲ. ಪಟ್ಟ ಕಷ್ಟ ನೆನಪಾಗುತ್ತಿರಬೇಕು ಎಂದು ತಾಯಿ ಕೇಳಲೂ ಇಲ್ಲ.

ಅಷ್ಟರಲ್ಲಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ಅಂದು ನಮ್ಮ ಕಡೆ ಮನೆಗಳೆಲ್ಲ ಹೊಲಕ್ಕೆ ಹೋಗುತ್ತವೆ. ಬೆಳೆದ ಜೋಳದ ನಡುವೆ ಪೂಜೆ ಮಾಡಿ, ಪೈರಿಗೆ ನೈವೇದ್ಯದ ಚರಗ ಚೆಲ್ಲಿ, ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಉಣ್ಣಿಸುತ್ತಾರೆ. ಸುಂದರಬಾಯಿಯ ಕೈಯ ಭಜ್ಜಿ ಮತ್ತು ಸಜ್ಜೆ ಕಡುಬಿಗಾಗಿ ದಾರಿ ಬಿಟ್ಟು ಸುತ್ತಿ ಬರುವವರೂ ಇದ್ದರು. ಪಕ್ಕದ ಮನೆಯ ಸೊಸೆ ಶಿಲ್ಪಾರಾಣಿಯೂ ಅಂದು ಊಟಕ್ಕೆ ಬಂದಿದ್ದಳು. ಆಕೆ ಜಹೀರಾಬಾದಿನಲ್ಲಿ ವಕೀಲೆ. ಪರದೇಶದಲ್ಲಿ ಸಿಕ್ಕಿಬಿದ್ದ ಕೂಲಿಯವರಿಗೆ ನೆರವಾಗುವ ಸಂಸ್ಥೆಯೊಂದರಲ್ಲಿ ಕೆಲಸ.

ಎಲ್ಲರೂ ಉಂಡರು. ಉಮಾಕಾಂತನ ಮುಂದಿನ ಕಡುಬು ಹಾಗೇ ಇತ್ತು. ಮೈಯಲ್ಲಿ ಹುಷಾರಿಲ್ಲವೇ ಎಂದು ತಾಯಿ ಹಣೆ ಮುಟ್ಟಿ ನೋಡಿದಳು. ಅವನಿಗೆ ತಡೆಯಲಾಗಲಿಲ್ಲ.

"ಅವ್ವ, ಆ ಸಾಹೇಬ ನನ್ನ ಕಳಸಲಿಲ್ಲ. ಪೇಪರ್ ಅಕ್ಕ ಕಳಿಸ್ಯಾಳ."

ಅಲ್ಲಿನ ಪತ್ರಿಕೆಯೊಂದರ ವರದಿಗಾರ್ತಿಯನ್ನು ಶೆಡ್ಡಿನವರೆಲ್ಲ ಪೇಪರ್ ಅಕ್ಕ ಎಂದೇ ಕರೆಯುತ್ತಿದ್ದರು. ಕಾವಲುಗಾರರ ಕಣ್ಣು ತಪ್ಪಿಸಿ ಬಂದು, ನೆಲದ ಮೇಲೆ ಕೂತು, ಒಬ್ಬೊಬ್ಬರ ಕಷ್ಟ ಕೇಳಿ ಬರೆದುಕೊಂಡವಳು ಆಕೆ. ಕಿತ್ತಿಟ್ಟುಕೊಂಡ ಪಾಸ್‌ಪೋರ್ಟ್, ತಗಡಿನ ಶೆಡ್ಡು, ಉಮಾಕಾಂತನ ಜ್ವರ ಎಲ್ಲವೂ ಪತ್ರಿಕೆಯಲ್ಲಿ ಬಂತು. ಬೇರೆ ದೇಶದವರೂ ಓದಿ ಛೀ ಎಂದರು. ಮಾನ ಹೋಗುತ್ತದೆ ಎಂದಾಗ ಸಾಹೇಬ ಕ್ಯಾಮೆರಾದವರನ್ನು ಕರೆದುಕೊಂಡು ಟಿಕೆಟ್ ಹಂಚಲು ಬಂದ. ಎಲ್ಲರೂ ವಿಮಾನ ಹತ್ತಿದ ಮೇಲೆ ಅದೇ ಸಾಹೇಬ ಪತ್ರಿಕೆಗೆ ಬೀಗ ಹಾಕಿಸಿದ. ಈಗ ಆಕೆಯನ್ನೇ ಜೈಲಿಗೆ ಹಾಕಿಸಿದ್ದಾನೆ. ಕೂಲಿಯವರ ಬಗ್ಗೆ ಬರೆದದ್ದೆಲ್ಲ ಸುಳ್ಳು ಎಂದು ಕೇಸು. ಈ ಸುದ್ದಿಯನ್ನು ಶಿಲ್ಪಾರಾಣಿಯೇ ಹಿಂದಿನ ದಿನ ಉಮಾಕಾಂತನಿಗೆ ತಿಳಿಸಿದ್ದಳು.

ಸುಂದರಬಾಯಿ ಕೈಯಲ್ಲಿದ್ದ ಅಂಬಲಿಯ ಚೆಂಬನ್ನು ಕೆಳಗಿಟ್ಟಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ನೀ ದಿನಾ ಕೈ ಮುಗಿಯೋದು ನೋಡಿ ಬಾಯಿ ಬರಲಿಲ್ಲವ್ವ. ನಿನ್ನ ಜೀವಕ್ಕ ಸಮಾಧಾನ ಇತ್ತಲ್ಲ, ಇರಲಿ ಅಂದೆ."

ಪರದೇಶದ ವರದಿಗಾರರ ಸಂಘವೊಂದು ಆಕೆಯ ಪರವಾಗಿ ಹೇಳಿಕೆಗಳನ್ನು ಕೂಡಿಸುತ್ತಿದೆ ಎಂದು ಶಿಲ್ಪಾರಾಣಿ ಬಿಡಿಸಿ ಹೇಳಿದಳು. ಪತ್ರಿಕೆಯಲ್ಲಿ ಬಂದದ್ದು ನಿಜ, ಇದು ನನ್ನ ಮೈಮೇಲೆಯೇ ಬಂದ ಕಷ್ಟ ಎಂದು ಉಮಾಕಾಂತ ಹೇಳಬೇಕಿತ್ತು. ಸುಂದರಬಾಯಿ ಮಗನ ಕೈ ಹಿಡಿದುಕೊಂಡಳು. ದೊಡ್ಡವರ ಉಸಾಬರಿ ನಮಗೇಕೆ, ಬಂದ ಮಗ ಕಣ್ಣೆದುರಿಗಿದ್ದರೆ ಸಾಕು ಎಂದಳು. ಅಷ್ಟು ದೂರದ ಸಾಹೇಬನಿಗೆ ಈ ಹಳ್ಳಿಯ ಹುಡುಗನ ಮಾತು ಯಾವ ಲೆಕ್ಕ ಎಂದೂ ಕೇಳಿದಳು.

ಶಿಲ್ಪಾರಾಣಿ ವಾದಕ್ಕೆ ಇಳಿಯಲಿಲ್ಲ. ಆಕೆಯ ಪಕ್ಕಕ್ಕೆ ಸರಿದು ಕೂತಳು.

"ಕಾಕು, ಇವತ್ತ ಈ ಹೊಲಕ್ಕ ಯಾರು ಬಂದರೂ ಉಣ್ಣಸ್ತೀರಿ. ಮಂದಿ ಬಣವಿಗಿ ಬೆಂಕಿ ಹಚ್ಚಿದವ ಬಂದ್ರ?"

"ಬದುವಿನ ಮ್ಯಾಲೆ ಕಾಲಿಡಬ್ಯಾಡ ಅಂತೀನಿ."

"ಅಷ್ಟೇ ನೋಡ್ರಿ. ಕೆಲವು ದೇಶದ ಸರಕಾರಗಳು ಹಂಗೇ ಕಾಯ್ದೆ ಮಾಡ್ಯಾವ. ಖರೇ ಬರದವರ ಬಾಯಿ ಮುಚ್ಚಿಸಿದ ಪರದೇಶದ ಅಧಿಕಾರಿಗಿ ನಮ್ಮ ದೇಶದಾಗ ಕಾಲಿಡಬ್ಯಾಡ ಅಂತಾವ, ವೀಸಾ ಕೊಡಂಗಿಲ್ಲ. ಕೆಲವು ಕಡಿ ಅಂಥವರ ಆಸ್ತಿನೂ ತಡದು ಇಡ್ತಾರ."

ದೊಡ್ಡ ಅಧಿಕಾರಿಗಳಿಗೆ ಇದು ಚುಚ್ಚುತ್ತದೆ, ಯಾಕೆಂದರೆ ಆಸ್ಪತ್ರೆ, ತಿರುಗಾಟ, ಖರೀದಿ ಎಂದು ಆ ದೇಶಗಳಿಗೇ ಅವರು ಓಡುವುದು ಎಂದಳು. ಆದರೆ ಯಾವ ಸರಕಾರವೂ ಗಾಳಿಮಾತು ಕೇಳಿ ಬಾಗಿಲು ಮುಚ್ಚುವುದಿಲ್ಲ. ಕಂಡವರು, ಅನುಭವಿಸಿದವರು ಹೇಳಬೇಕು. ಸಂಘ ಕೂಡಿಸುವ ಹೇಳಿಕೆಗಳು ಅಂಥ ಸರಕಾರಗಳ ಮುಂದೆ ಹೋಗುತ್ತವೆ. ಸುಳ್ಳು ಆಸೆಯನ್ನೂ ಆಕೆ ಹುಟ್ಟಿಸಲಿಲ್ಲ. ಇಂಥ ಕಾಯ್ದೆ ಎಲ್ಲ ದೇಶದಲ್ಲೂ ಇಲ್ಲ, ಇದರಿಂದ ಜೈಲಿನ ಬಾಗಿಲು ನಾಳೆಯೇ ತೆರೆಯುತ್ತದೆ ಎನ್ನಲೂ ಆಗದು. ಆದರೆ ಇಂಥದ್ದನ್ನು ಮಾಡಹೊರಟ ಮುಂದಿನ ಅಧಿಕಾರಿ ಒಂದು ಸಲ ಯೋಚಿಸುತ್ತಾನೆ. ಹೆಸರು ಹೊರಗೆ ಬಿಡಬೇಡಿ ಎಂದು ಮೊದಲೇ ಕೇಳಿಕೊಳ್ಳಬಹುದು, ಅದನ್ನು ಗಟ್ಟಿ ಮಾಡಿಕೊಂಡೇ ಹೇಳಿಕೆ ಕೊಡೋಣ ಎಂದಳು.

ಸುಂದರಬಾಯಿ ಕೆಳಗಿಟ್ಟ ಚೆಂಬನ್ನು ಪಕ್ಕಕ್ಕೆ ಸರಿಸಿದಳು. ಕಾಯ್ದೆಯ ಬಗ್ಗೆ ಏನೂ ಕೇಳಲಿಲ್ಲ. ಬೇರೆಯೇ ಒಂದು ಮಾತು ಕೇಳಿದಳು.

"ಆಕಿಗಿ ಅವ್ವ ಅದಾಳೇನು?"

"ಅದಾಳ್ರಿ. ಡಬ್ಬಿ ಕಟಗೊಂಡು ಜೈಲಿನ ತನಕ ಹೋಗ್ತಾಳಂತ. ಒಳಗ ಬಿಡಂಗಿಲ್ಲ. ಡಬ್ಬಿ ಹಂಗೇ ಹೊಳ್ಳಿ ತರ್ತಾಳಂತ."

ಮಗನಿಗಾಗಿ ಕಾದ ದಿನಗಳಲ್ಲಿ ಸುಂದರಬಾಯಿ ಅವನ ಪಾಲಿನ ರೊಟ್ಟಿಯನ್ನೂ ತಟ್ಟಿ ಮುಚ್ಚಿಟ್ಟವಳು. ಒಣಗಿದ ರೊಟ್ಟಿಯನ್ನು ಮರುದಿನ ತಾನೇ ಮುರಿದು ತಿಂದವಳು. ಆಕೆಗೆ ಆ ತಾಯಿ ಪರದೇಶದವಳೆಂದು ಅನಿಸಲೇ ಇಲ್ಲ. ಕಣ್ಣೀರು ಬಂತು, ಸೆರಗಿನಿಂದ ಒರೆಸಿಕೊಂಡಳು.

"ನಮ್ಮ ಕೂಸಿನ ಸಲುವಾಗಿ ಆಕಿ ಕೂಸು ಒಳಗ ಕುಂತಾಳ. ನಾವು ಸುಮ್ಮ ಕುಂತ್ರ ಆಕಿ ಬರದಿದ್ದು ಝೂಟ್ ಆತು, ನೀ ಅಲ್ಲಿ ಒಣಗಿ ಬಂದಿದ್ದೂ ಝೂಟ್ ಆತು. ಹೋಗು ಉಮಾ, ಹೇಳಿ ಬಾ. ನಾನೂ ಬರ್ತೀನಿ."

ಮರುದಿನ ಬೆಳಿಗ್ಗೆ ಆಕೆ ಜಗುಲಿಯ ಮೇಲಿನ ಫೋಟೋ ಇಳಿಸಿದಳು. ಸಾಹೇಬನ ಹಣೆಯ ಗಾಜಿನ ಮೇಲೆ ಪದರ ಪದರವಾಗಿ ಕೂತಿದ್ದ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ನಂತರ ತಾಯಿ ಮಗ ಜಹೀರಾಬಾದ್ ಬಸ್ಸು ಹತ್ತಿದರು. ಶಿಲ್ಪಾರಾಣಿಯ ಆಫೀಸಿನಲ್ಲಿ ಉಮಾಕಾಂತ ಶೆಡ್ಡು, ಜ್ವರ, ಟಿಕೆಟ್ಟು, ಪೇಪರ್ ಅಕ್ಕ ಎಲ್ಲವನ್ನೂ ಹೇಳಿದ. ಒಂದೆರಡು ಕಡೆ ಹೇಳಿದ್ದನ್ನೇ ಮತ್ತೆ ಮೊದಲಿನಿಂದ ಹೇಳಿದ. ಆಗೆಲ್ಲ ತಾಯಿ ಅವನ ಬೆನ್ನ ಮೇಲೆ ಕೈ ಇಟ್ಟಳು.

ಪೇಪರ್ ಅಕ್ಕ ಇನ್ನೂ ಬಿಡುಗಡೆಯಾಗಿಲ್ಲ. ಜಗುಲಿಯ ಮೇಲೆ ಸಾಹೇಬನಿದ್ದ ಜಾಗ ಖಾಲಿ ಇದೆ. ಬದುಕಿರುವವರಿಗೆ ವಿಭೂತಿ ಹಚ್ಚುವ ತಪ್ಪು ಇನ್ನು ಬೇಡ ಎಂದು ಸುಂದರಬಾಯಿ ಅಲ್ಲಿ ಮತ್ತೊಂದು ಫೋಟೋ ಇಟ್ಟಿಲ್ಲ. ರೊಟ್ಟಿ ಮಾಡುವಾಗ ಮಾತ್ರ ಒಂದು ರೊಟ್ಟಿ ಹೆಚ್ಚಿಗೆ ತಟ್ಟುತ್ತಾಳೆ. ಯಾರಿಗೆ ಎಂದು ಉಮಾಕಾಂತ ಕೇಳುವುದಿಲ್ಲ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಕಷ್ಟವನ್ನು ಒಬ್ಬರು ಧೈರ್ಯ ಮಾಡಿ ಬರೆದಿದ್ದರೆ ಅವರನ್ನು ಮರೆಯಬೇಡಿ. ಅದಕ್ಕಾಗಿ ಅವರಿಗೆ ತೊಂದರೆ ಬಂದರೆ, ಅವರು ಪರದೇಶದವರಾದರೂ ಸರಿ, ನಮ್ಮ ಪಕ್ಕದ ತಾಂಡೂರಿನವರಾದರೂ ಸರಿ, ಬರೆದದ್ದು ನಿಜ ಎಂದು ಹೇಳಲು ಮುಂದೆ ಬನ್ನಿ. ಮೊದಲು ನಂಬುಗೆಯ ವಕೀಲರನ್ನು ಕೇಳಿ, ನಿಮ್ಮ ಹೆಸರು ಕಾಪಾಡಿಕೊಳ್ಳುವ ದಾರಿ ತಿಳಿದುಕೊಳ್ಳಿ, ಆಮೇಲೆ ಬಾಯಿ ತೆರೆಯಿರಿ. ನಿಮ್ಮ ಪರವಾಗಿ ಮಾತಾಡಿದವರು ಇಂದು ಮಾತಾಡಲಾಗದೆ ಕೂತಿದ್ದಾರೆ. ಈಗ ಮಾತಾಡುವ ಪಾಳಿ ನಿಮ್ಮದು.